ಶೀಲಕ್ಕನ ತೋಳಿನ ಮೂರು ಚೌಕ

ಶುಭಾಂಗಿ ಸ್ಟೂಲಿನಿಂದ ಮೂರನೆಯ ಸಲ ಎದ್ದು ನಿಂತಾಗ ಶೀಲಕ್ಕ ಪೌಚ್ ಸೀಲ್ ಮಾಡುವ ಮೆಷಿನ್ ಆಫ್ ಮಾಡಿದರು. ಮುಂಬೈಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿರುವ ನಮ್ಮ ಮಸಾಲೆ ಕಾರ್ಖಾನೆಯಲ್ಲಿ ಕರೆಂಟ್ ಹೋದಾಗ ಬಿಟ್ಟರೆ ಕೆಲಸದ ಹೊತ್ತಿನಲ್ಲಿ ಆ ಮೆಷಿನ್ ನಿಂತದ್ದನ್ನು ನಾನು ಕಂಡಿರಲಿಲ್ಲ. ಗಾಜಿನ ಕ್ಯಾಬಿನ್ನಿನಲ್ಲಿ ಹಾಜರಿ ತುಂಬುತ್ತಿದ್ದವಳು ತಲೆಯೆತ್ತಿದೆ. ಶೀಲಕ್ಕ ಆ ಹುಡುಗಿಯ ಭುಜ ಹಿಡಿದು ಹೆಂಗಸರ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದರು. ಶುಭಾಂಗಿ ಕಾಲು ಅಗಲಿಸಿ, ತುಟಿ ಕಚ್ಚಿಕೊಂಡು ನಡೆಯುತ್ತಿದ್ದಳು. ಅವಳಿಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಹತ್ತು ನಿಮಿಷದ ಮೇಲೆ ಶೀಲಕ್ಕ ಒಬ್ಬರೇ ನನ್ನ ಬಳಿಗೆ ಬಂದರು.

"ಮೇಡಂ, ಶುಭಾಂಗಿಗೆ ಇವತ್ತು ಅರ್ಧ ದಿನ ರಜೆ ಹಾಕಿ. ಕೂತುಕೊಳ್ಳಲಿಕ್ಕೆ ಆಗುವುದಿಲ್ಲ ಪಾಪ. ತೊಡೆ ಸಂದಿಯ ಚರ್ಮ ಕಿತ್ತು ಬಂದಿದೆ."

"ಏನಾಯ್ತಂತೆ?"

"ಮೆಣಸಿನ ಹುಡಿ ಅಂತಾಳೆ. ಕೈ ಸರಿ ತೊಳೀದೆ ಪ್ಯಾಡ್ ಬದಲಾಯಿಸಿರಬೇಕು. ಈ ತಿಂಗಳಲ್ಲಿ ಇವಳು ಐದನೆಯವಳು."

ನಾನು ತಲೆಯಾಡಿಸಿ ಬರೆದುಕೊಂಡೆ. ನನ್ನ ಮನಸ್ಸಿನಲ್ಲಿ ಆಗಲೇ ಬೇರೊಂದು ಅನುಮಾನವಿತ್ತು. ಬಾಯಿ ಬಿಡಲಿಲ್ಲ.

ಶೀಲಾವತಿ ಎಂಬ ಈ ಹೆಂಗಸಿಗೆ ಆಗ ನಲವತ್ತಾರು ವರ್ಷ. ಕಾರ್ಕಳದ ಕಡೆಯಿಂದ ಮದುವೆಯಾಗಿ ಮುಂಬೈಗೆ ಬಂದವರು. ಗಂಡ ಶೇಖರ ದಹಿಸರಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಶೀಲಕ್ಕ ಈ ಕಾರ್ಖಾನೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ನೆಲದಲ್ಲಿ ಕೂತು ಬ್ಯಾಡಗಿ ಮೆಣಸಿನ ತೊಟ್ಟು ಮುರಿಯುವುದರಿಂದ ಆರಂಭಿಸಿ, ಈಗ ಮೂವತ್ತೆಂಟು ಹೆಂಗಸರ ಮೇಲೆ ಸೂಪರ್‌ವೈಸರ್. ಸಾರಿನ ಪುಡಿಯೋ ಸಾಂಬಾರಿನ ಪುಡಿಯೋ, ಹುರಿದದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಅವರು ಬಾಗಿಲಲ್ಲೇ ನಿಂತು ಮೂಗಿನಿಂದ ಹೇಳುತ್ತಿದ್ದರು. ನಾನು ಸೇರಿ ಆಗ ಎಂಟು ತಿಂಗಳು. ಅಪ್ಪ ಅಮ್ಮ ಬೆಂಗಳೂರಿನವರು, ಅಪ್ಪನಿಗೆ ಇಲ್ಲಿ ಬ್ಯಾಂಕಿನ ಕೆಲಸ. ನಾನು ಹುಟ್ಟಿ ಬೆಳೆದದ್ದು ದಹಿಸರಿನಲ್ಲೇ. ಹಾಜರಿ, ರಜೆ, ಪಿ.ಎಫ್. ಕಾಗದಗಳು ನನ್ನ ಕೆಲಸ.

ಆ ಹೆಂಗಸರಿಗೆಲ್ಲ ಕಾರ್ಖಾನೆಯಿಂದಲೇ ಪ್ಯಾಡ್ ಸಿಗುತ್ತಿತ್ತು. ಅದು ಶೀಲಕ್ಕನ ಸಾಧನೆ. ವರ್ಷದ ಹಿಂದೆ ಒಂದು ಹುಡುಗಿ ಕಲೆಯಾದ ಸಲ್ವಾರಿನಲ್ಲೇ ಎರಡು ಮಹಡಿ ಇಳಿದು ಮೆಡಿಕಲ್ ಅಂಗಡಿಗೆ ಓಡಿದ್ದನ್ನು ಕಂಡು, ಅವರು ನೇರ ಧಣಿಗಳ ಕೋಣೆಗೆ ಹೋಗಿದ್ದರಂತೆ. ಧಣಿ ಎಂದರೆ ಪೂವಪ್ಪನವರು. ಎಪ್ಪತ್ತು ದಾಟಿದ, ಸಂಕೋಚದ ಮನುಷ್ಯ. ಮುಖದ ಮುಂದೆ ಪೇಪರ್ ಹಿಡಿದುಕೊಂಡೇ "ಎಂತ ಬೇಕೋ ತರಿಸು ಮಾರಾಯ್ತಿ" ಎಂದಿದ್ದರಂತೆ. ಅವರ ಅಕ್ಕನ ಮಗನದೇ ಸಪ್ಲೈ ವ್ಯವಹಾರ. ಅವನು ಕಳಿಸಿದ ಸ್ಯಾಂಪಲ್‌ಗಳಲ್ಲಿ ಶೀಲಕ್ಕ ಮಲ್ಲಿಗೆ ಪರಿಮಳದ್ದನ್ನು ಆರಿಸಿದರು. "ಇಡೀ ದಿನ ಮೆಣಸು, ಇಂಗು ಮೂಸುವವರು. ಸ್ವಲ್ಪ ಹೂವಿನ ಪರಿಮಳ ಇರಲಿ" ಎಂದು. ಅಂದಿನಿಂದ ತಿಂಗಳಿಗೆ ತಲೆಗೆರಡು ಪ್ಯಾಕೆಟ್. ಸ್ಟೋರಿನ ಗದಿಗೆಪ್ಪ ಅವುಗಳನ್ನು ಪೇಪರಿನಲ್ಲಿ ಸುತ್ತಿ, ಬೇರೆಲ್ಲೋ ನೋಡುತ್ತ ಕೊಡುತ್ತಿದ್ದ.

ಶುಭಾಂಗಿ ಮನೆಗೆ ಹೋದ ಮರುದಿನ ಶೀಲಕ್ಕ ನಲ್ಲಿಯ ಪಕ್ಕ ತೆಂಗಿನೆಣ್ಣೆಯ ಬಾಟಲಿ ತಂದಿಟ್ಟರು. ಮೆಣಸಿನ ಖಾರ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಹೋಗುತ್ತದೆ. ಮೊದಲು ಕೈಗೆ ಎಣ್ಣೆ, ಆಮೇಲೆ ಸಾಬೂನು, ಆಮೇಲೆ ಬಾತ್‌ರೂಮು. ಈ ನಿಯಮ ತಪ್ಪುವಂತಿರಲಿಲ್ಲ; ಅವರೇ ನಲ್ಲಿಯ ಬಳಿ ನಿಂತು ಉಗುರಿನ ಸಂದಿ ನೋಡಿ ಒಳಗೆ ಬಿಡುತ್ತಿದ್ದರು. ಒಂದು ತಿಂಗಳು ಕಳೆಯಿತು. ಉರಿಯೆಂದು ರಜೆ ಹಾಕಿದವರು ಐವರಲ್ಲ, ಏಳು ಮಂದಿ. ಅವರಲ್ಲಿ ಇಬ್ಬರು ಲೇಬಲ್ ಅಂಟಿಸುವ ಕೋಣೆಯವರು, ಮೆಣಸನ್ನು ಮುಟ್ಟುವವರೇ ಅಲ್ಲ. ಕೆಲವರು ಸ್ನಾನದ ನೀರಿಗೆ ಗಾಯ ತೊಳೆಯುವ ಔಷಧಿ ಸುರಿದುಕೊಂಡು ಇನ್ನಷ್ಟು ಸುಟ್ಟುಕೊಂಡಿದ್ದರು. ಕೆಲವರು ಪೌಡರ್ ಬಳಿದುಕೊಂಡಿದ್ದರು. ಯಾರೂ ಯಾರಿಗೂ ಪೂರ್ತಿ ಹೇಳುತ್ತಿರಲಿಲ್ಲ. ತನ್ನದೇ ಮೈಯ ಕೊಳಕು ಎಂದು ಒಬ್ಬೊಬ್ಬಳೂ ನಂಬಿದ್ದಳು.

ಒಂದು ಸೋಮವಾರ ಶೀಲಕ್ಕ ಕ್ಯಾಬಿನ್ನಿಗೆ ಬಂದು ಬಾಗಿಲು ಹಾಕಿಕೊಂಡರು. ಎದುರಿನ ಕುರ್ಚಿಯಲ್ಲಿ ಕೂತು, ಸೆರಗಿನ ಮರೆಯಿಂದ ಮಲ್ಲಿಗೆ ಚಿತ್ರದ ಒಂದು ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟರು.

"ಮೆಣಸಲ್ಲ ಮೇಡಂ. ಇದು."

ಅವರಿಗೆ ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ತಮ್ಮ ಪಾಲಿನ ಎರಡು ಪ್ಯಾಕೆಟ್‌ಗಳಲ್ಲಿ ಒಂದು ಮೊದಲಿನಿಂದಲೂ ಮಗಳು ಯಕ್ಷಿತಾಳಿಗೆ ಹೋಗುತ್ತಿತ್ತು; ಮುಟ್ಟು ನಿಂತ ಮೇಲೆ ಎರಡನ್ನೂ ಅವಳಿಗೇ ಕೊಡುತ್ತಿದ್ದರು. ಹಿಂದಿನ ದಿನ ಭಾನುವಾರ, ಮಗಳು ಮಂಚದ ಮೇಲೆ ಮಗ್ಗುಲು ಬದಲಿಸಲೂ ಒದ್ದಾಡುವುದನ್ನು ಕಂಡು ಕೇಳಿದರಂತೆ. ಹನ್ನೆರಡನೇ ಕ್ಲಾಸಿನ ಹುಡುಗಿ. ಮೊದಲು "ಕುಛ್ ನಹೀ ಅಮ್ಮ" ಎಂದಳು. ಆಮೇಲೆ ಅತ್ತಳು. "ಆರು ಮಹೀನೇ ಸೆ ಹೀಗೇ ಆಗ್ತದೆ ಅಮ್ಮ. ಐ ಥಾಟ್, ಎಲ್ಲರಿಗೂ ಹೀಗೇ ಇರ್ತದೆ."

"ಅವಳು ಈ ಕಾರ್ಖಾನೆಯ ಮೆಟ್ಟಿಲು ಹತ್ತಿದವಳಲ್ಲ," ಎಂದರು ಶೀಲಕ್ಕ. "ಮೆಣಸು ಎಲ್ಲಿಂದ ಬರ್ಬೇಕು ಹೇಳಿ? ಅವಳಿಗೂ ಇವರಿಗೂ ಸಮ ಇರುವುದು ಈ ಪ್ಯಾಕೆಟ್ ಒಂದೇ. ಯೋಚನೆ ಮಾಡಿದರೆ ನನಗೂ ತುರಿಕೆ ಇತ್ತು. ವಯಸ್ಸಿನದ್ದು ಅಂತ ಸುಮ್ಮನಿದ್ದೆ."

ಇನ್ನು ಸುಮ್ಮನಿರಲಾಗಲಿಲ್ಲ.

"ಶೀಲಕ್ಕ, ನನಗೂ ಆಗಿತ್ತು."

"ಎಂತ?"

"ಇದೇ. ಇಲ್ಲಿಗೆ ಸೇರಿ ನಾಲ್ಕನೇ ತಿಂಗಳಿಗೇ. ನಮ್ಮ ಮನೆಗೆ ಪರಿಚಯದ ಚರ್ಮದ ಡಾಕ್ಟರ್ ಇದಾರೆ, ಅವರ ಹತ್ರ ಹೋಗಿದ್ದೆ. ಈ ಪ್ಯಾಡ್ ಬಿಡು, ವಾಸನೆ ಇಲ್ಲದ್ದು ತಗೋ ಅಂದ್ರು. ಬಿಟ್ಟೆ. ಸರಿಹೋಯ್ತು."

"ಅದಾಗಿ ಎಷ್ಟು ತಿಂಗಳಾಯ್ತು?"

"ಐದು."

"ನಮಗೆ ಯಾಕೆ ಹೇಳ್ಲಿಲ್ಲ?"

"ನನ್ನ ಚರ್ಮವೇ ಹಾಗೇನೋ ಅಂದ್ಕೊಂಡೆ. ಆಮೇಲೆ ಒಬ್ಬೊಬ್ಬರು ರಜೆ ಹಾಕೋಕೆ ಶುರು ಮಾಡಿದಾಗ ಅನುಮಾನ ಬಂತು. ಆದರೆ ಹೇಗೆ ಹೇಳೋದು, ಯಾರಿಗೆ ಹೇಳೋದು ಅಂತ..."

ಅವರು ನನ್ನನ್ನು ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. "ಐದು ತಿಂಗಳು," ಎಂದಷ್ಟೇ ಹೇಳಿ ಪ್ಯಾಕೆಟ್ಟನ್ನು ಮಡಿಲಿಗೆ ಎಳೆದುಕೊಂಡರು. ಹೊರಗೆ ಪುಡಿ ಮಾಡುವ ಮೆಷಿನ್ ಗುಡುಗುಡು ಎನ್ನುತ್ತಿತ್ತು. ಆಮೇಲೆ ಅವರೇ ಹೇಳಿದರು: "ಇರಲಿ. ನಮ್ಮ ಮನೆಯಲ್ಲೂ ಈ ಮಾತು ಆಡುವ ಕ್ರಮ ಇಲ್ಲ. ಇದ್ದಿದ್ದರೆ ಮಗಳು ಆರು ತಿಂಗಳು ಮುಚ್ಚಿಡ್ತಿದ್ದಳಾ? ನಿಮಗೆ ನಾನು ಎಂತ ಬೈಯುವುದು. ಆ ಡಾಕ್ಟ್ರು ಎಲ್ಲಿ ಕೂತುಕೊಳ್ಳುವುದು, ಹೇಳಿ."

ಡಾಕ್ಟರ್ ಸುಮಿತ್ರಾ ಮೈಸೂರಿನವರು. ಕಾಂದಿವಲಿ ಸ್ಟೇಷನ್ನಿನ ಪೂರ್ವಕ್ಕೆ ಅವರ ಕ್ಲಿನಿಕ್. ಆ ಸಂಜೆ ಶೀಲಕ್ಕ, ಯಕ್ಷಿತಾ, ನಾನು ಮೂವರೂ ಹೋದೆವು. ಮಗಳನ್ನು ಪರದೆಯ ಹಿಂದೆ ಪರೀಕ್ಷಿಸಿ ಬಂದು ಡಾಕ್ಟರು ಕೈ ತೊಳೆದುಕೊಂಡರು.

"ಇದು ರೋಗ ಅಲ್ಲ, ಗಲೀಜೂ ಅಲ್ಲ. ಚರ್ಮಕ್ಕೆ ಯಾವುದೋ ವಸ್ತು ಒಗ್ಗಿಲ್ಲ, ಅದಕ್ಕೆ ಸಿಟ್ಟಾಗಿದೆ. ಪರಿಮಳಕ್ಕೆ ಹಾಕೋ ರಾಸಾಯನಿಕ ಇರಬಹುದು, ಅಂಟು ಇರಬಹುದು, ಮೇಲಿನ ಪ್ಲಾಸ್ಟಿಕ್ ಜಾಲರಿ ಇರಬಹುದು. ಜೊತೆಗೆ ಬೆವರು, ಉಜ್ಜಾಟ. ಎಷ್ಟು ಹೊತ್ತಿಗೊಮ್ಮೆ ಬದಲಾಯಿಸ್ತೀಯಮ್ಮಾ?"

"ಕಾಲೇಜಲ್ಲಿ ಬಾತ್‌ರೂಮ್ ಗಂದಾ ಇರ್ತದೆ. ಮನೆಗೆ ಬಂದ ಮೇಲೇ," ಎಂದಳು ಯಕ್ಷಿತಾ.

"ನಮ್ಮವರೂ ಹಾಗೆಯೇ," ಎಂದರು ಶೀಲಕ್ಕ. "ಎಂಟು ಗಂಟೆ, ಒಂಬತ್ತು ಗಂಟೆ. ಆದರೆ ಡಾಕ್ಟ್ರೇ, ಮೊದಲು ಆರು ತಿಂಗಳು ಯಾರಿಗೂ ಎಂತದೂ ಆಗ್ಲಿಲ್ಲ. ಈಗ ಯಾಕೆ?"

"ಅದೂ ಉಂಟು. ತಿಂಗಳುಗಟ್ಟಲೆ ಸುಮ್ಮನಿದ್ದ ಚರ್ಮ ಒಂದು ದಿನ ತಿರುಗಿ ಬೀಳುತ್ತೆ."

"ಇದರಿಂದಲೇ ಆದದ್ದು ಅಂತ ಗೊತ್ತು ಮಾಡ್ಲಿಕ್ಕೆ ಆಗ್ತದಾ? ನಾನು ಹೇಳಿದರೆ ನಮ್ಮ ಧಣಿಗಳು ಮೆಣಸು ಅಂತಾರೆ. ಹುಡುಗಿಯರೂ ನಂಬುವುದಿಲ್ಲ. ಕಣ್ಣಿಗೆ ಕಾಣುವ ಹಾಗೆ ಬೇಕು."

ಡಾಕ್ಟರು ಸ್ವಲ್ಪ ಯೋಚಿಸಿ ಒಂದು ದಾರಿ ಹೇಳಿದರು. ಆ ಪ್ಯಾಡಿನ ಇಂಚಿನಷ್ಟು ತುಂಡನ್ನು ಒಳತೋಳಿನ ಮೇಲೆ ಟೇಪ್ ಹಾಕಿ ಎರಡು ದಿನ ಬಿಟ್ಟು ನೋಡಬಹುದು. ಪಕ್ಕದಲ್ಲಿ ಹೋಲಿಸಲು ಬೇರೆ ತುಂಡುಗಳು. ಒಮ್ಮೆ ತುರಿಕೆಯಾದವರ ಮೇಲೆ ಮಾಡಿದರೆ ಸರಿ. ಯಕ್ಷಿತಾ ಆಗಲೇ ಕುರ್ತಾದ ತೋಳು ಮೇಲೇರಿಸಿದ್ದಳು. ಅವಳಮ್ಮ ಅದನ್ನು ಕೆಳಗೆಳೆದರು.

"ನೀನು ಅನುಭವಿಸಿದ್ದು ಸಾಕು. ನನಗೂ ಆಗಿತ್ತು ಡಾಕ್ಟ್ರೇ. ನನ್ನ ತೋಳಿಗೆ ಹಾಕಿ."

ಹಾಗೆ ಶೀಲಕ್ಕನ ಎಡತೋಳಿನ ಮೇಲೆ ಮೂರು ಚೌಕಗಳು ಕೂತವು. ಒಂದು, ಕಾರ್ಖಾನೆಯ ಮಲ್ಲಿಗೆ ಪ್ಯಾಡಿನ ತುಂಡು. ಎರಡು, ಪರಿಮಳವಿಲ್ಲದ, ಹತ್ತಿಯ ಮೇಲ್ಪದರದ ಇನ್ನೊಂದು ಪ್ಯಾಡಿನದು. ಮೂರು, ತೊಳೆದು ಬಿಸಿಲಿಗೆ ಒಣಗಿಸಿದ ಬಿಳಿ ಹತ್ತಿ ಬಟ್ಟೆ. ಟೇಪಿನ ಮೇಲೆ ಡಾಕ್ಟರು ಪೆನ್ನಿನಿಂದ ಅಂಕೆ ಬರೆದರು.

"ನೀರು ತಾಗಿಸಬೇಡಿ. ಆದಷ್ಟು ಬೆವರಬೇಡಿ. ಉರಿ ಜೋರಾದರೆ ಕಾಯದೆ ತೆಗೆದುಬಿಡಿ."

"ಬೆವರದೆ ಇರುವುದಾ?" ಎಂದು ನಕ್ಕರು ಶೀಲಕ್ಕ. "ಕಾಂದಿವಲಿಯಲ್ಲಿ?"

ಮರುದಿನ ಬೆಳಿಗ್ಗೆ ದಹಿಸರಿನಿಂದ ಇಬ್ಬರೂ ಒಂದೇ ಲೋಕಲ್ ಹಿಡಿದೆವು. ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲಿನ ಹಿಡಿ ಹಿಡಿಯಲು ಶೀಲಕ್ಕ ಕೈಯೆತ್ತಿದಾಗ ಮೂರು ಚೌಕಗಳೂ ಎಲ್ಲರಿಗೂ ಕಂಡವು. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬಾಕೆ ಹಿಂದಿಯಲ್ಲಿ ಕೇಳಿಯೇಬಿಟ್ಟಳು, ಇದೇನು ಇಂಜೆಕ್ಷನ್ನಾ ಎಂದು.

"ಪ್ಯಾಡಿನ ತುಂಡು," ಎಂದರು ಶೀಲಕ್ಕ. ದನಿ ತಗ್ಗಿಸಲಿಲ್ಲ. "ಇದರಿಂದ ಚರ್ಮ ಸುಲಿದುಹೋಗ್ತದಾ ಅಂತ ನೋಡ್ತಾ ಇದ್ದೇನೆ."

ನಾನು ಕಿಟಕಿಯತ್ತ ಮುಖ ತಿರುಗಿಸಿದೆ. ಯಾರಾದರೂ ನಗುತ್ತಾರೆ, ಯಾರಾದರೂ ಛೀ ಎನ್ನುತ್ತಾರೆ ಎಂದುಕೊಂಡಿದ್ದೆ. ಗುರುತಿನ ಚೀಟಿಯವಳು ಮೆಲ್ಲಗೆ, "ನನಗೂ ಆಗುತ್ತೆ. ಪ್ರತಿ ತಿಂಗಳೂ," ಎಂದಳು. ಕ್ಲಿಪ್ಪು, ಬಿಂದಿ ಮಾರುವ ಹೆಂಗಸು ತನ್ನ ತಂತಿಯ ಚೌಕಟ್ಟನ್ನು ಕಾಲ ಸಂದಿಗೆ ಒರಗಿಸಿಕೊಂಡು, ತನಗೆ ಬೇಸಿಗೆಯಲ್ಲಿ ನಡೆಯಲಿಕ್ಕೇ ಆಗುವುದಿಲ್ಲ ಎಂದಳು. ಬೋರಿವಲಿಯಿಂದ ಕಾಂದಿವಲಿಗೆ ನಾಲ್ಕೈದು ನಿಮಿಷ. ಅಷ್ಟರಲ್ಲಿ ನಾಲ್ಕು ಮಂದಿ ತಮ್ಮ ತಮ್ಮ ಉರಿಯ ಕಥೆ ಹೇಳಿ ಮುಗಿಸಿದರು. ಇಳಿಯುವಾಗ ಗುರುತಿನ ಚೀಟಿಯವಳು ಶೀಲಕ್ಕನ ಫೋನ್ ನಂಬರ್ ಕೇಳಿ ಬರೆದುಕೊಂಡಳು.

ಆ ಎರಡು ದಿನ ಅವರು ಬಲಗೈಯಲ್ಲೇ ಕೆಲಸ ಮಾಡಿದರು. ಮೊದಲ ದಿನ ಸಂಜೆಗೇ ಒಂದನೇ ಚೌಕ ತುರಿಸತೊಡಗಿತ್ತು. ತೆಗೆಯಿರಿ ಎಂದು ನಾನು ಎರಡು ಸಲ ಹೇಳಿದೆ. "ತುರಿಕೆ ಅಷ್ಟೇ, ಉರಿ ಇಲ್ಲ. ಶುಭಾಂಗಿ ಇದಕ್ಕಿಂತ ಹೆಚ್ಚಿನದನ್ನು ಇಟ್ಟುಕೊಂಡು ದಿನಕ್ಕೆ ಸಾವಿರ ಪೌಚ್ ಸೀಲ್ ಮಾಡಿದ್ದಾಳೆ," ಎಂದರು.

ಬುಧವಾರ ಸಂಜೆ ಡಾಕ್ಟರು ಟೇಪ್ ಬಿಡಿಸಿದರು. ಮೂರನೆಯ ಬಟ್ಟೆಯ ಕೆಳಗೆ ಚರ್ಮ ಮೊದಲಿದ್ದಂತೆಯೇ ಇತ್ತು. ಎರಡನೆಯದರ ಕೆಳಗೆ ಟೇಪಿನ ಒತ್ತು ಬಿದ್ದು ತುಸು ಗುಲಾಬಿ. ಕಾಲು ಗಂಟೆಯಲ್ಲಿ ಅದೂ ಹೋಯಿತು. ಒಂದನೆಯದರ ಕೆಳಗೆ ಗೆರೆ ಎಳೆದಂತೆ ಕೆಂಪು ಚೌಕ, ಅದರ ತುಂಬ ರವೆಯಂಥ ಗುಳ್ಳೆಗಳು.

ಡಾಕ್ಟರು ಎಚ್ಚರದ ಮಾತನ್ನೂ ಹೇಳಿದರು. "ನಿಮ್ಮ ತೋಳಿಗೆ ಇದು ಆಗಲ್ಲ ಅನ್ನೋದು ಖಾತ್ರಿ. ಹಾಗಂತ ಎಲ್ಲರ ಉರಿಗೂ ಇದೇ ಕಾರಣ ಅನ್ನೋಕಾಗಲ್ಲ. ಆ ಏಳು ಜನರನ್ನೂ ಒಮ್ಮೆ ಕಳಿಸಿ. ನೋಡದೆ ನಾನು ಹೇಳಲ್ಲ."

ಏಳು ಮಂದಿಯೂ ಹೋದರು. ಶೀಲಕ್ಕ ಇಬ್ಬಿಬ್ಬರನ್ನಾಗಿ ತಾವೇ ಕರೆದೊಯ್ದರು. ಆರು ಮಂದಿಗೆ ಪ್ಯಾಡಿನಿಂದಲೇ ಆದದ್ದು. ಒಬ್ಬಳಿಗೆ ಮಾತ್ರ ಫಂಗಸ್, ಅವಳಿಗೆ ಬೇರೆ ಔಷಧಿ. ಮಿಕ್ಕವರಿಗೆ ಕೆಲವು ದಿನದ ಮುಲಾಮು. ಗಾಯದ ಔಷಧಿ, ಪೌಡರ್ ಪೂರ್ತಿ ಬಂದ್, ಬರೀ ನೀರಿನಲ್ಲಿ ತೊಳೆಯುವುದು, ಹತ್ತಿಯ ಒಳಉಡುಪು, ನಾಲ್ಕೈದು ಗಂಟೆಗೊಮ್ಮೆ ತಪ್ಪದೆ ಬದಲಾಯಿಸುವುದು.

ಮುಂದಿನ ವಾರದ ಶುಕ್ರವಾರ ಊಟದ ಹೊತ್ತಿನಲ್ಲಿ, ಮೂವತ್ತೆಂಟು ಹೆಂಗಸರೂ ಡಬ್ಬಿ ಬಿಚ್ಚಿ ನೆಲದಲ್ಲಿ ಕೂತಿದ್ದಾಗ, ಶೀಲಕ್ಕ ನಡುವೆ ಹೋಗಿ ನಿಂತರು. ಅಲ್ಲಿ ಅವರು ಆಡುವುದು ಹಿಂದಿ, ಮರಾಠಿ ಬೆರೆಸಿದ ಮಾತು. ನನ್ನ ನೆನಪಿನಲ್ಲಿ ಉಳಿದಿರುವುದು ಅದರ ಅರ್ಥ. ತೋಳು ತೋರಿಸಿದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಾರೂ ಅವರತ್ತ ಬೆರಳು ತೋರಿಸಿರಲಿಲ್ಲ.

"ಈ ಪ್ಯಾಡ್ ಆರಿಸಿದ್ದು ನಾನು," ಎಂದರು. "ಧಣಿಗಳಲ್ಲ. ಪರಿಮಳ ಚೆನ್ನಾಗಿದೆ ಅಂತ ನಾನೇ ಆರಿಸಿದೆ. ನಿಮಗೆ ಉರಿ ಬಂದಾಗ ಕೈ ತೊಳೆದಿಲ್ಲ ಅಂತ ನಿಮ್ಮನ್ನೇ ಬೈದೆ. ಉಗುರು ನೋಡಿ ಒಳಗೆ ಬಿಟ್ಟೆ. ಅದು ನನ್ನ ತಪ್ಪು."

ಶುಭಾಂಗಿ ಡಬ್ಬಿ ಮುಚ್ಚಿಟ್ಟು ಎದ್ದು ನಿಂತಳು. "ಶೀಲಾ ತಾಈ, ನೀವು ಬೈದದ್ದು ಏನೂ ಅಲ್ಲ. ಮನೆಯಲ್ಲಿ ಅತ್ತೆ ನನ್ನ ತಟ್ಟೆ, ಹಾಸಿಗೆ ಬೇರೆ ಮಾಡಿದ್ದಾರೆ. ಯಾರಿಂದ ತಂದೆ ಈ ರೋಗ ಅಂತ ಗಂಡ ಕೇಳಿದ."

ಶೀಲಕ್ಕನ ಮುಖದ ಬಣ್ಣ ಇಳಿದುಹೋಯಿತು. "ಭಾನುವಾರ ಮನೆಯಲ್ಲಿ ಇರ್ತಾರಾ ಇಬ್ಬರೂ?" ಎಂದು ಕೇಳಿದರು.

ದಹಿಸರಿನ ಒಂದು ಚಾಳಿನ ಸಾಲುಮನೆಗಳಲ್ಲಿ ಶುಭಾಂಗಿಯ ಮನೆ, ಒಂದೇ ಕೋಣೆ. ಶೀಲಕ್ಕ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅತ್ತೆ ಒಲೆಯ ಮುಂದೆ, ಗಂಡ ಟಿವಿಯ ಮುಂದೆ. ನೀರು ಕೊಟ್ಟರು, ಮಾತು ಕೊಡಲಿಲ್ಲ. ಶೀಲಕ್ಕ ನೀರು ಕುಡಿದು, ಅತ್ತೆಯ ಪಕ್ಕ ನೆಲದಲ್ಲೇ ಕೂತು ತೋಳು ಚಾಚಿದರು. ಕೆಂಪು ಇಳಿದು, ಚೌಕದ ಅಂಚು ಸಿಪ್ಪೆ ಏಳುತ್ತಿತ್ತು.

"ಅಮ್ಮಾ, ನಿಮ್ಮ ಸೊಸೆಗೆ ಆದದ್ದು ಇದೇ. ನನಗೆ ಇದು ಯಾರಿಂದ ಬಂತು? ತೋಳಿಗೆ ಯಾರಿಂದ ಬರ್ತದೆ? ಪ್ಯಾಡಿನ ತುಂಡು ಎರಡು ದಿನ ಅಂಟಿಸಿದ್ದಕ್ಕೆ ಬಂತು. ಆ ಪ್ಯಾಡ್ ಅವಳಿಗೆ ಕೊಟ್ಟವಳು ನಾನು. ಬೈಯುವುದಿದ್ದರೆ ನನ್ನನ್ನು ಬೈಯಿರಿ."

ಮುದುಕಿ ಆ ತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಟಿವಿಯ ಸದ್ದು ನಿಂತಿತು. ಅವಳು ತನ್ನಷ್ಟಕ್ಕೆ ಹೇಳಿಕೊಂಡಂತೆ ಹೇಳಿದಳು: "ನಮ್ಮ ಕಾಲದಲ್ಲಿ ಬಟ್ಟೆ. ಯಾರಿಗೂ ಕಾಣಬಾರದು ಅಂತ ಮಂಚದ ಕೆಳಗೆ ಒಣಗಿಸುವುದು. ಅರ್ಧ ಒಣಗಿದ್ದನ್ನೇ ಉಟ್ಟುಕೊಳ್ಳುವುದು. ನನಗೂ ಹೀಗೇ ಆಗ್ತಿತ್ತು. ದೇವರ ಕೋಪ ಅಂತ ನನ್ನ ಅತ್ತೆ ಅಂದಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ."

ಅವಳು ಎದ್ದು, ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿಟ್ಟಿದ್ದ ಸ್ಟೀಲ್ ತಟ್ಟೆಯನ್ನು ತೆಗೆದು ಮಿಕ್ಕ ಪಾತ್ರೆಗಳ ಜೊತೆ ಜೋಡಿಸಿದಳು. ಗಂಡ ತಲೆ ತಗ್ಗಿಸಿಯೇ ಇದ್ದ. ನಾವು ಹೊರಡುವಾಗ ಬಾಗಿಲವರೆಗೆ ಬಂದು, ಮುಂದಿನ ಸಲ ಡಾಕ್ಟರ ಹತ್ತಿರ ತಾನೇ ಕರೆದೊಯ್ಯುವೆನೆಂದ. "ಹೋಗುವ ಮೊದಲು ಅವಳ ಹತ್ತಿರ ತಪ್ಪಾಯ್ತು ಅಂತ ಹೇಳು," ಎಂದರು ಶೀಲಕ್ಕ. ಅವನು ಹೇಳಿದನೋ ಇಲ್ಲವೋ, ನನಗೆ ಗೊತ್ತಿಲ್ಲ.

ಉಳಿದದ್ದು ಧಣಿಗಳು. ಸೋಮವಾರ ನಾನೂ ರಜೆಯ ಪಟ್ಟಿ ಹಿಡಿದು ಜೊತೆಗೆ ಹೋದೆ. ಪೂವಪ್ಪನವರು ವಿಷಯ ತಿಳಿಯುತ್ತಲೇ ಪೇಪರ್ ಎತ್ತಿಕೊಂಡರು.

"ಮೆಣಸಿನ ಕಾರ್ಖಾನೆಯಲ್ಲಿ ಉರಿಯದೆ ಮತ್ತೆಂತ ಆಗ್ತದೆ ಶೀಲಾ? ಅಕ್ಕನ ಮಗ ಕೊಡುವ ಮಾಲು. ಅವನಿಗೆ ನಾನು ಎಂತ ಹೇಳುವುದು?"

"ಧಣಿಗಳೇ, ಪೇಪರ್ ಸ್ವಲ್ಪ ಕೆಳಗಿಡಿ."

ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಕ್ಕಿಲ್ಲ. ಅವರು ಕೆಳಗಿಟ್ಟರು. ತೋಳು ನೋಡಿದರು. "ಅಯ್ಯೋ, ಎಂತ ಆಯ್ತು ನಿನಗೆ?" ಎಂದು ಕುರ್ಚಿಯಿಂದ ಅರ್ಧ ಎದ್ದರು. ಶೀಲಕ್ಕ ಎಲ್ಲವನ್ನೂ ಹೇಳಿದರು, ಯಕ್ಷಿತಾಳ ವಿಷಯವನ್ನೂ. ಆ ಹುಡುಗಿಯನ್ನು ಅವರು ತೊಟ್ಟಿಲಲ್ಲಿ ಕಂಡವರು. ಪೇಪರ್ ಮತ್ತೆ ಮೇಲೇಳಲಿಲ್ಲ.

"ಪ್ಯಾಡ್ ಬದಲಾಯಿಸುವ," ಎಂದರು ಕೊನೆಗೆ. "ಅವನಿಗೆ ನಾನೇ ಹೇಳ್ತೇನೆ."

"ಅಷ್ಟೇ ಸಾಲದು ಧಣಿಗಳೇ. ಒಳ್ಳೆಯದನ್ನು ತಂದು ಒಂಬತ್ತು ಗಂಟೆ ಹಾಕಿಕೊಂಡರೆ ಪುನಃ ಇದೇ ಕಥೆ. ಊಟ ಬಿಟ್ಟು ದಿನಕ್ಕೆ ಎರಡು ಸಲ ಹತ್ತತ್ತು ನಿಮಿಷ ಬಿಡ್ಬೇಕು."

"ಮೆಷಿನ್ ನಿಲ್ತದಲ್ಲ!"

"ನಿಲ್ಲುವುದಿಲ್ಲ. ಇಬ್ಬಿಬ್ಬರನ್ನು ಬಿಡುವ. ಒಬ್ಬರ ಜಾಗದಲ್ಲಿ ನಾನು ಕೂತುಕೊಳ್ತೇನೆ, ಇನ್ನೊಬ್ಬರದಕ್ಕೆ ಲೇಬಲ್ ಕೋಣೆಯವರು. ಹದಿನೈದು ದಿನ ನೋಡಿ. ಒಂದು ಪೌಚ್ ಕಡಿಮೆಯಾದರೆ ಕೇಳಿ."

ಅವರು ಒಪ್ಪಿದರು. ಆಮೇಲೆ ಗದಿಗೆಪ್ಪನನ್ನು ಕರೆಸಿ ಹಳೆಯ ಮಾಲು ಎಷ್ಟಿದೆ ಎಂದು ಕೇಳಿದರು.

"ಹನ್ನೊಂದು ಬಾಕ್ಸ್ ಅದಾವ್ರಿ ಸಾಹೇಬ್ರ, ಗೋಡೌನ್‌ದಾಗ."

"ಯಾವುದಾದರೂ ಹೆಣ್ಣುಮಕ್ಕಳ ಹಾಸ್ಟೆಲಿಗೆ ಕೊಟ್ಟುಬಿಡುವ. ಪುಣ್ಯ ಬರ್ತದೆ."

"ಬೇಡ," ಎಂದರು ಶೀಲಕ್ಕ. ದನಿಯಲ್ಲಿ ಮೊದಲ ಬಾರಿ ಸಿಟ್ಟಿತ್ತು. "ನಮಗೆ ಆಗದ್ದನ್ನು ಇನ್ನೊಬ್ಬರ ಮಕ್ಕಳಿಗೆ ಕೊಡುವುದಾ ಧಣಿಗಳೇ? ಅವರು ಪಾಪ ಯಾರ ಹತ್ತಿರ ಹೇಳಬೇಕು?"

ಪೂವಪ್ಪನವರು ಪೆಚ್ಚಾದರು. ಗದಿಗೆಪ್ಪ ಗಂಟಲು ಸರಿಮಾಡಿಕೊಂಡ. ಆ ವಸ್ತುವನ್ನು ಅವನು ಹೆಸರಿಟ್ಟು ಕರೆದದ್ದನ್ನು ನಾನು ಅವತ್ತೇ ಕೇಳಿದ್ದು. "ಸಾಹೇಬ್ರ, ಕೆಳಗ ಜನರೇಟರ್ ಎಣ್ಣಿ ಸೋರ್ತೈತಲ್ರಿ? ಮೊನ್ನಿ ಬಾಕ್ಸ್ ಒಂದು ಒಡೆದಿತ್ತು, ನಾಕು ಪ್ಯಾಡ್ ಅದರ ಬುಡಕ ಹಾಸಿ ನೋಡಿದೆ. ಹನಿ ಬಿಡಲಾರದಂಗ ಹೀರ್ತಾವ್ರಿ."

ಮೊದಲು ನಕ್ಕವರು ಧಣಿಗಳೇ. ಹನ್ನೊಂದು ಬಾಕ್ಸೂ ಜನರೇಟರಿನ ಪಾಲಾದವು.

ಹೊಸ ಪ್ಯಾಡನ್ನು ಈ ಸಲ ಶೀಲಕ್ಕ ಒಬ್ಬರೇ ಆರಿಸಲಿಲ್ಲ. ಪರಿಮಳವಿಲ್ಲದ ಎರಡು ಬಗೆ ತರಿಸಿ, ಹತ್ತು ಮಂದಿಗೆ ಎರಡು ತಿಂಗಳು ಕೊಟ್ಟು, ಕೇಳಿ, ಆಮೇಲೆ ಒಂದನ್ನು ಗೊತ್ತುಮಾಡಿದರು. ಅದೂ ಒಗ್ಗದ ಇಬ್ಬರಿಗೆ ಹತ್ತಿ ಬಟ್ಟೆಯ ಪ್ಯಾಡ್. ಅದನ್ನು ಮಂಚದ ಕೆಳಗಲ್ಲ, ಬಿಸಿಲಿನಲ್ಲೇ ಒಣಗಿಸಬೇಕೆಂದು ಕಟ್ಟುನಿಟ್ಟು. ಹದಿನೈದು ದಿನದ ಲೆಕ್ಕ ಕೇಳುವುದನ್ನು ಧಣಿಗಳು ಮರೆತೇಬಿಟ್ಟರು. ಅಷ್ಟರಲ್ಲಿ ರಜೆಗಳು ಕಡಿಮೆಯಾಗಿ ಕೆಲಸ ಮೊದಲಿಗಿಂತ ಸಲೀಸಾಗಿತ್ತು. ಮೂರನೆಯ ತಿಂಗಳು ನನ್ನ ಪುಸ್ತಕದಲ್ಲಿ ಉರಿಯ ರಜೆ ಒಂದೂ ಇರಲಿಲ್ಲ. ಯಕ್ಷಿತಾಳಿಗೆ ಪೂರ್ತಿ ಗುಣವಾಯಿತು. ಅವಳು ಕಾಲೇಜಿನ ಬಾತ್‌ರೂಮಿನ ಬಗ್ಗೆ ಪ್ರಿನ್ಸಿಪಾಲರಿಗೆ ಪತ್ರ ಬರೆದು, ಮೂವತ್ತು ಹುಡುಗಿಯರ ಸಹಿ ಹಾಕಿಸಿದಳು. "ನನ್ನ ಹತ್ತಿರ ಕೇಳಲೂ ಇಲ್ಲ ನೋಡಿ," ಎಂದು ಶೀಲಕ್ಕ ದೂರುವವರಂತೆ ಹೇಳಿದರು. ಮುಖದ ಹಿಗ್ಗು ಮಾತ್ರ ಅಡಗುವಂತಿರಲಿಲ್ಲ.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ, ಅದೇ ಮಹಡಿಯಲ್ಲಿರುವ ಪ್ಲಾಸ್ಟಿಕ್ ಮುಚ್ಚಳ ಮಾಡುವ ಘಟಕದ ಹೆಂಗಸರು ತಮಗೂ ಇದನ್ನೆಲ್ಲ ತಿಳಿಸಿ ಎಂದು ಶೀಲಕ್ಕನನ್ನು ಕರೆಸಿಕೊಂಡರು. ಶೀಲಕ್ಕ ನನ್ನನ್ನೂ ಜೊತೆಗೆ ಕರೆದರು. ಅಲ್ಲಿ ಇಪ್ಪತ್ತು ಮಂದಿ ಕಾದಿದ್ದರು. ಶೀಲಕ್ಕ ಎಲ್ಲರಿಗೂ ನಮಸ್ಕಾರ ಹೇಳಿ, ಗೋಡೆಗೆ ಒರಗಿ ಕೂತು, ಟಿಫಿನ್ ಡಬ್ಬಿ ಬಿಚ್ಚಿದರು.

"ನನಗೆ ಹಸಿವು ಮೇಡಂ. ನೀವು ಹೇಳಿ."

"ನಾನಾ?"

"ಓದಿದವರು ನೀವು. ನಿಮಗೂ ಆದದ್ದಲ್ವಾ?"

ಇಪ್ಪತ್ತು ಮುಖಗಳು ನನ್ನತ್ತ ತಿರುಗಿದವು. ಶೀಲಕ್ಕ ನನ್ನತ್ತ ನೋಡದೆ, ನೀರುದೋಸೆಯ ತುಂಡನ್ನು ಚಟ್ನಿಗೆ ಅದ್ದುತ್ತಿದ್ದರು, ನನಗೆ ಬೇಕಾದಷ್ಟು ಹೊತ್ತು ಉಂಟು ಎನ್ನುವ ಹಾಗೆ. ನಾನು ನೆಲದಲ್ಲಿ ಕೂತು, ಮೊದಲು ಉರಿ ಕಂಡ ದಿನದಿಂದ ಶುರುಮಾಡಿದೆ.